ಇಡ್ಲಿ, ವಡಾ, ಚಟ್ನಿ ನಡುವ ಒಂದು ಮಿರ್ಚಿ

ಮೊನ್ನೆ ಏಕಾದಶಿ ದಿನ ಬಾಜೂ ಮನಿ ವೈನಿ ಗೇಟಿನ ಹತ್ರ ನಿಂತು ಕೇಳಿದ್ರು. "ಅಕ್ಕಾರ, ನಿಮ್ಮ ಮೊಮ್ಮಗ ಅಮೆರಿಕಾದಾಗ ಕಪ್ಪಿ ಸಾಕ್ಯಾನಲ್ಲ, ಈಗ ನಮ್ಮ ಹುಡುಗಿಗೂ ಅದೇ ಬೇಕಂತ. ಗಾಜಿನ ಟ್ಯಾಂಕು ತಂದಿಟ್ಟಾರ. ಬರೇ ಕಪ್ಪಿ ಇಟ್ರ ಬಣಬಣ ಅನಸ್ತದ, ಜೋಡಿ ಇನ್ನೇನೇನು ಇಡಬಹುದು, ಸ್ವಲ್ಪ ಕೇಳಿ ಹೇಳ್ರಿ." ವೈನಿಯವರ ಮಗ ಟೆಕ್ಸಾಸ್‌ನ್ಯಾಗ ಇರ್ತಾನ, ಮೊಮ್ಮಗಳಿಗೆ ಒಂಬತ್ತು ವರ್ಷ. ನಾನು ಯಾರನ್ನೂ ಕೇಳಲಿಕ್ಕೆ ಹೋಗಲಿಲ್ಲ. ನಿಂತ ಕಾಲಮ್ಯಾಲೆ "ಏನೂ ಇಡಬ್ಯಾಡ್ರಿ ಅಂತ ಹೇಳ್ರಿ" ಅಂದುಬಿಟ್ಟೆ. ವೈನಿ ಮಾರಿ ಸಪ್ಪಗಾತು. ಹಬ್ಬದ ದಿನ ಯಾರೋ ಬಂದು "ನಿಮ್ಮ ಹೋಳಿಗಿ ಹರದಾವ" ಅಂದ್ರ ಹ್ಯಾಂಗಾಗ್ತದ, ಹಂಗ.

ಒಳಗ ಬಂದು ಕೂತ ಮ್ಯಾಲೆ ನನಗ ಕೆಟ್ಟ ಅನ್ನಿಸ್ತು. ಕಾರಣ ಹೇಳದ ಬರೇ ಬ್ಯಾಡ ಅನ್ನೋದು ನಮ್ಮ ಅತ್ತಿಯವರ ಪದ್ಧತಿ ಆಗಿತ್ತು, ಅದು ನನಗ ಎಂದೂ ಸೇರಿದ್ದಿಲ್ಲ. ಹಿಂಗಾಗಿ ಕಾರಣ ಸಮೇತ ಬರೀಲಿಕ್ಕತ್ತೀನಿ. ವೈನಿ, ಇದು ಮೊದಲು ನಿಮಗ. ಆಮೇಲೆ ಮಕ್ಕಳು ಪರದೇಶದಾಗ ಇರೋ ಉಳಿದ ಅಕ್ಕ-ತಂಗಿಯರಿಗೂ ಹೌದು, ಯಾಕಂದ್ರ ಇವತ್ತಿಲ್ಲ ನಾಳೆ ನಿಮ್ಮ ಮೊಮ್ಮಕ್ಕಳೂ ಇದನ್ನ ಕೇಳೋವ್ರೇ.

ನಾನೇನು ಪ್ರಾಣಿಶಾಸ್ತ್ರ ಓದಿದಾಕಿ ಅಲ್ಲ. ಹೋದ ವರ್ಷ ನಾರ್ತ್ ಕ್ಯಾರೊಲಿನಾದ ಕ್ಯಾರಿ ಅನ್ನೋ ಊರಾಗ ಮಗಳ ಮನ್ಯಾಗ ಐದು ತಿಂಗಳು ಇದ್ದು ಬಂದೆ. ದಿನಾ ಮುಂಜಾನೆ ಚಹಾ ಹಿಡಕೊಂಡು ಆ ಟ್ಯಾಂಕಿನ ಮುಂದ ಕೂತು ನೋಡಿದ್ದು, ಒಂದು ತಪ್ಪು ಮಾಡಿದ್ದು, ತಪ್ಪಾದ ಮ್ಯಾಲೆ ಅಳಿಯಂದ್ರ ಕಡೆಯಿಂದ ಓದಿಸಿ ಕೇಳಿದ್ದು, ಇಷ್ಟ ನನ್ನ ವಿದ್ಯಾ.

ಅಲ್ಲಿಗೆ ಹೋಗೋತನಕ ನನಗ ಗೊತ್ತಿದ್ದ ಕಪ್ಪಿ ಅಂದ್ರ ನಮ್ಮ ಬಚ್ಚಲದ್ದು. ಮಿರಗದ ಮಳಿ ಬಿತ್ತಂದ್ರ ಸಾಕು, ಧಾರವಾಡದಾಗ ಯಾರ ಬಚ್ಚಲ ಮೋರಿ ನೋಡಿದ್ರೂ ಒಂದು ನೆಲಗಪ್ಪಿ ಯಜಮಾನರಂಗ ಕೂತಿರ್ತದ. ಮೈತುಂಬ ಗುಳ್ಳಿ, ಮಣ್ಣಿನ ಬಣ್ಣ. ನಾವು ಕಸಬರಿಗಿ ತುದಿಯಿಂದ ಮೆಲ್ಲಕ ದಬ್ಬಿ ಹಿತ್ತಲಕ್ಕ ಬಿಡ್ತಿದ್ವಿ, ಅದು ರಾತ್ರಿಗೆ ತಿರುಗಿ ಬರ್ತಿತ್ತು. ಮಳಿ ಹೋತಂದ್ರ ಕಪ್ಪಿಗೆ ಮದಿವಿ ಮಾಡೋ ಜನ ನಾವು, ಆದ್ರ ಮನ್ಯಾಗ ತಂದು ಸಾಕಿದ್ದು ಯಾರೂ ಕೇಳಿಲ್ಲ. ಹಿಂಗಾಗಿ ಮಗಳ ಮನಿ ಪಡಸಾಲ್ಯಾಗ, ದೇವರ ಮಾಡದ ಎದುರಿಗೇ ಕಪ್ಪಿ ಟ್ಯಾಂಕು ನೋಡಿ ಮೊದಲನೇ ದಿನ ನನಗ ಊಟ ಸೇರಲಿಲ್ಲ. ಎರಡನೇ ದಿನ ಮೂಗು ಮುರದೆ. ಒಂದು ವಾರ ಆಗೋದ್ರಾಗ ನಾನೇ ಅವುಗಳ ಹೆಸರು ಹಿಡದು ಕರಿಯೋಹಂಗ ಆತು.

ಹೆಸರು ಮೊಮ್ಮಗ ಇಟ್ಟದ್ದು. ಇಡ್ಲಿ, ವಡಾ, ಚಟ್ನಿ. ಜಾತಿ ಮಾತ್ರ ಒಂದೇ. ಫೈರ್ ಬೆಲ್ಲೀಡ್ ಟೋಡ್ ಅಂತಾರ, ನಾನು ಬೆಂಕಿಹೊಟ್ಟಿ ಕಪ್ಪಿ ಅಂತಿದ್ದೆ. ಮೂಲ ಕೊರಿಯಾ, ಈಶಾನ್ಯ ಚೀನಾ, ರಷ್ಯಾದ ಪೂರ್ವದ ತುದಿ. ನಮ್ಮ ಬಚ್ಚಲದ ಕಪ್ಪಿಯಷ್ಟು ದೊಡ್ಡದಲ್ಲ, ಬೆರಳಿನ ಎರಡು ಗೆಣ್ಣು ಕೂಡಿಸಿದಷ್ಟು, ನಾಲ್ಕೈದು ಸೆಂಟಿಮೀಟರ್. ಬೆನ್ನು ಹಸರು, ಮ್ಯಾಲೆ ಕರೀ ಮಚ್ಚಿ. ಹೊಟ್ಟಿ ಮಾತ್ರ ಕುಂಕುಮಕ್ಕ ಅರಿಶಿಣ ಬೆರಸಿಧಂಗ, ಕೆಂಪು-ಕೇಸರಿ. ಹೆದರಿದ್ರ ಬೆನ್ನು ಬಾಗಿಸಿ, ಕೈಕಾಲು ಮ್ಯಾಲೆತ್ತಿ, ಆ ಬಣ್ಣ ತೋರಸ್ತಾವ. "ನನ್ನ ಮುಟ್ಟಬ್ಯಾಡ, ನನ್ನ ಮೈಯಾಗ ವಿಷ ಅದ" ಅಂತ ಅದರ ಅರ್ಥ. ಈ ಮಾತು ನೆನಪಿನ್ಯಾಗ ಇಟ್ಕೋರಿ, ಮುಂದ ಬೇಕಾಗ್ತದ.

ಇನ್ನು ಟ್ಯಾಂಕು. ವೈನಿ, ನಿಮ್ಮ ಮಗ ಟ್ಯಾಂಕು ತಂದಾಗ್ಯದ ಅಂದ್ರಿ. ಎಷ್ಟು ದೊಡ್ಡದು ಅಂತ ಕೇಳ್ರಿ. ನಮ್ಮ ಮಗಳ ಮನ್ಯಾಗ ಇರೋದು 20 ಗ್ಯಾಲನ್‌ದು, ಅಂದ್ರ ಸುಮಾರು 75 ಲೀಟರ್ ನೀರು ಹಿಡಿಯೋವಂಥಾದ್ದು. ಎರಡೂವರೆ ಫೂಟು ಉದ್ದ, ಒಂದು ಫೂಟು ಅಗಲ. ಮೂರು ಕಪ್ಪಿಗೆ ಇದರ ಅರ್ಧ ಇದ್ರೂ ನಡೀತದ ಅಂತಾರ, ಆದ್ರ ಸಣ್ಣ ಟ್ಯಾಂಕಿನ ನೀರು ಲಗೂನ ಕೆಡ್ತದ, ಹೊಲಸು ತೆಗೆಯೋ ಕೆಲಸ ಹೆಚ್ಚಾಗ್ತದ. ಸಣ್ಣ ಭಾಂಡ್ಯಾದಾಗ ಭಾಳ ಹಾಲು ಕಾಸಿಧಂಗ, ಕಣ್ಣು ತಗಿಯೋಹಂಗಿಲ್ಲ.

ಅರ್ಧ ಟ್ಯಾಂಕು ನೀರು, ಅರ್ಧ ನೆಲ. ಮಗಳು ಒಂದು ಕಡೆ ದೊಡ್ಡ ನುಣುಪು ಕಲ್ಲು ಒಟ್ಟಿ ಇಳಿಜಾರು ಮಾಡ್ಯಾಳ. ನೀರು ಮೂರ್ನಾಲ್ಕು ಇಂಚು, ಹೆಚ್ಚಿಲ್ಲ. ಇವು ಈಸತಾವ ಖರೆ, ಆದ್ರ ಹತ್ತಿ ಕೂಡಲಿಕ್ಕೆ ಎಲ್ಲೆಲ್ಲೂ ದಂಡಿ ಸಿಗಬೇಕು. ಸಣ್ಣ ಹರಳು ಹಾಕಲೇಬಾರದು, ಹುಳದ ಜೋಡಿ ನುಂಗಿಬಿಡ್ತಾವ, ಹೊಟ್ಯಾಗ ಕೂತ್ರ ಜೀವಕ್ಕ ಕುತ್ತು. ನೆಲದ ಕಡೆ ತೆಂಗಿನ ನಾರಿನ ಪುಡಿ, ಮ್ಯಾಲೆ ಹಸಿ ಪಾಚಿ. ನಮ್ಮಲ್ಲೆ ಪಾತ್ರಿ ತಿಕ್ಕಿ ಒಗಿಯೋ ನಾರು, ಅಲ್ಲಿ ಇಟ್ಟಿಗಿ ಮಾಡಿ ಡಾಲರಿಗೆ ಮಾರ್ತಾರ್ರೀ! ಅದನ್ನ ನೋಡಿ ನನಗ ನಗಿ ತಡಕೊಳ್ಳಿಕ್ಕೆ ಆಗಲಿಲ್ಲ.

ನೀರಿನ ಮಾತು ಮಾತ್ರ ನಗೋ ಮಾತಲ್ಲ. ಕಪ್ಪಿ ನಮ್ಮಂಗ ಬಾಯಿಂದ ನೀರು ಕುಡಿಯೂದಿಲ್ಲ, ಚರ್ಮದಿಂದ ಹೀರಕೋತದ. ಹಿಂಗಾಗಿ ನೀರಾಗ ಏನು ಇರ್ತದ, ಅದು ಸೀದಾ ಅದರ ಮೈಯೊಳಗ. ನಳದ ನೀರು ಹಂಗೇ ಹಾಕಬಾರದು. ನಾನು ಜಾಣತನ ಮಾಡಿ, "ರಾತ್ರಿ ಬಕೆಟ್ಟಿನ್ಯಾಗ ತುಂಬಿಟ್ರ ಮುಂಜಾನಿಗೆ ಕ್ಲೋರಿನ್ ಹಾರಿ ಹೋಗ್ತದ" ಅಂದೆ. ನಮ್ಮ ಕಾಲದ ಮೀನಿನ ತೊಟ್ಟಿಗೆ ಹಂಗೇ ಮಾಡ್ತಿದ್ವಿ. ಮಗಳು ಹೇಳಿದ್ಲು, ಅಲ್ಲಿ ಎಷ್ಟೋ ಊರಾಗ ಕ್ಲೋರಿನ್ ಬದಲಿಗೆ ಕ್ಲೋರಮೈನ್ ಹಾಕ್ತಾರ, ಅದು ಒಂದು ರಾತ್ರಿ ಇಟ್ರ ಹೋಗೂದಿಲ್ಲ, ಅದಕ್ಕಂತನ ಒಂದು ಔಷಧ ಹನಿ ಬರ್ತದ, ಅಳತಿ ಪ್ರಕಾರ ಹಾಕಬೇಕು ಅಂತ. ಸಣ್ಣದೊಂದು ಫಿಲ್ಟರು, ನೀರಿನ ಸೆಳವು ಜೋರು ಇರಬಾರದು. ಫಿಲ್ಟರ್ ಇದ್ರೂ ವಾರಕ್ಕೊಮ್ಮೆ ನೀರು ಬದಲಿ. ಮ್ಯಾಲೆ ಜಾಳಿಗಿ ಮುಚ್ಚಳ, ಗಟ್ಟಿಯಾಗಿ ಕೂಡೋವಂಥಾದ್ದು. ಇವು ಗಾಜು ಹಿಡದು ಹತ್ತಿ ಬರ್ತಾವ. ಒಮ್ಮೆ ಚಟ್ನಿ ತಪ್ಪಿಸಿಕೊಂಡು ಸೋಫಾದ ಬುಡಕ ಸೇರಿ, ಧೂಳು ಮೆತ್ತಿಸಿಕೊಂಡು ಉಂಡಿ ಆಗಿ ಕೂತಿತ್ತು.

ಬಿಸಲಿನ ದೀಪ ಬೇಕೇನು ಅಂತ ನಿಮ್ಮ ಮಗ ಕೇಳಬಹುದು. ಇವು ಥಂಡಿ ಸೀಮಿಯವು, 18ರಿಂದ 25 ಡಿಗ್ರಿ ಒಳಗ ಸುಖವಾಗಿರ್ತಾವ. ಮನ್ಯಾಗ ಜನ ಇರೋ ಹವಾನ ಸಾಕು. ಟೆಕ್ಸಾಸಿನ ಸೆಕಿ ನಮ್ಮ ರಾಯಚೂರಿನಂಗಂತ, ಅಲ್ಲಿ ಭಯ ಥಂಡಿದಲ್ಲ, ಬಿಸಿಯದ್ದು. ಮನಿಮಂದಿ ಹತ್ತು ದಿನ ಊರಿಗೆ ಹೋಗುವಾಗ ಎಸಿ ಬಂದ್ ಮಾಡಿ ಹೋದ್ರ ಬಂದು ನೋಡಲಿಕ್ಕೆ ಏನೂ ಉಳಿಯೂದಿಲ್ಲ.

ಊಟದ್ದು ಹೇಳದಿದ್ರ ಈ ಬರಹ ಪೂರ್ತಿ ಆಗೂದಿಲ್ಲ. ಅವು ತಿನ್ನೋದು ಜೀವಂತ ಕ್ರಿಕೆಟ್. ಆಟ ಅಲ್ರೀ, ರಾತ್ರಿ ಮೂಲ್ಯಾಗ ಕೂತು ಕಿರ್ ಅನ್ನೋ ಹುಳ. ಕಪ್ಪಿಯ ಎರಡು ಕಣ್ಣಿನ ನಡುವ ಎಷ್ಟು ಅಂತರ ಅದನೋ ಅದಕ್ಕಿಂತ ದೊಡ್ಡ ಹುಳ ಹಾಕಬಾರದಂತ. ಡಬ್ಬ್ಯಾಗ ಹುಳ ಹಾಕಿ, ಕ್ಯಾಲ್ಸಿಯಂ ಪುಡಿ ಉದುರಿಸಿ, ಮುಚ್ಚಳ ಹಾಕಿ ಅಲುಗಾಡಿಸಿ, ಥೇಟ್ ನಾವು ಅವಲಕ್ಕಿ ಹಚ್ಚಿಧಂಗ ಮಾಡಿ ಟ್ಯಾಂಕಿನ್ಯಾಗ ಬಿಡ್ತಾರ. ಮಡಿ ಅಡಿಗಿ ಮಾಡ್ಕೊಂಡು ಅರವತ್ತೈದು ವರ್ಷ ಕಳದಾಕಿ ನಾನು, ಹುಳಕ್ಕ ಪುಡಿ ಹಚ್ಚೋ ಕೆಲಸ ಮಾಡಿದೆ ನೋಡ್ರಿ ಮೊಮ್ಮಗನ ಸಲುವಾಗಿ! ಈ ಕಪ್ಪಿಗಳು ಚಿತ್ರದಾಗ ನೋಡಿಧಂಗ ಉದ್ದ ನಾಲಿಗಿ ಚಾಚೂದಿಲ್ಲ. ಆ ನಾಲಿಗಿ ಹೊರಗ ಬರೂದೇ ಇಲ್ಲ. ಮೈಯೆಲ್ಲಾ ಮುಂದ ಜಿಗಿದು ಬಾಯಿಂದ ಕಚ್ಚಿ ಹಿಡೀತಾವ. ಹಿಡಿಯೋ ಭರದಾಗ ಒಂದರ ಕಾಲು ಇನ್ನೊಂದು ಕಚ್ತದ. ಮುಂದ ಜೊತಿಗಾರರ ಮಾತು ಬಂದಾಗ ಇದನ್ನೂ ನೆನಪು ಮಾಡ್ಕೋರಿ.

ಈಗ ಆ ತಪ್ಪಿನ ಕಥಿಗೆ ಬರ್ತೀನಿ. ಇದರಾಗ ಅಂಗಡಿಯವನಷ್ಟೇ ಪಾಲು ನಂದೂ ಅದ.

ಒಂದು ರಾತ್ರಿ ಮಲಗೋ ಮುಂದ ಮೊಮ್ಮಗ, "ಅಜ್ಜಿ, ಕಪ್ಪಿದೊಂದು ಕಥಿ ಹೇಳು" ಅಂದ. ನನಗ ಹೊಳದದ್ದು ಶೃಂಗೇರಿ ಕಥಿ. ತುಂಗಾ ದಂಡ್ಯಾಗ ಉರಿಬಿಸಲಾಗ ಹೆರಿಗಿ ನೋವು ತಿನ್ನಲಿಕ್ಕತ್ತ ಒಂದು ಕಪ್ಪಿಗೆ ನಾಗರಹಾವು ಹೆಡಿ ಬಿಚ್ಚಿ ನೆರಳು ಹಿಡದಿತ್ತು, ಅದನ್ನ ಶಂಕರಾಚಾರ್ಯರು ನೋಡಿ, ಹುಟ್ಟಾ ವೈರಿಗಳೂ ಇಲ್ಲಿ ವೈರ ಮರೀತಾವಲ್ಲ ಅಂತ ಅಲ್ಲೇ ಪೀಠ ಸ್ಥಾಪನಾ ಮಾಡಿದ್ರು ಅಂತ. ನದಿ ದಂಡ್ಯಾಗ ಕಪ್ಪೆ ಶಂಕರ ಅಂತ ಆ ಕಲ್ಲಿನ ಕೆತ್ತನಿ ಈಗಲೂ ಅದ, ನಮ್ಮ ಮದಿವಿ ಆದ ವರ್ಷ ಹೋಗಿ ನೋಡಿದ್ದೆ, ಆಗ ಇವರು ಮೆಟ್ಟಲ ಮ್ಯಾಲೆ ಕಾಲು ಜಾರಿದ್ರು, ಅದನ್ನೂ ಹೇಳಿ ನಗಿಸಿದೆ. ಹುಡುಗ ಕಣ್ಣು ದೊಡ್ಡವು ಮಾಡಿ ಕೇಳಿದ. ಆಮೇಲೆ ಭಾಳ ಹೊತ್ತು ಸುಮ್ಮನ ಇದ್ದು, "ಹಂಗಂದ್ರ ಹಾವು ಕಪ್ಪಿನೇ ಕೂಡಿ ಇರಬಹುದಾದ್ರ, ಕಪ್ಪಿ ಕಪ್ಪಿ ಕೂಡಿ ಇರಬಹುದಲ್ಲ?" ಅಂದ. "ಯಾಕಿರಬಾರದು?" ಅಂದೆ. ನೋಡ್ರಿ, ಮೂರು ಸೆಕೆಂಡಿನ ಮಾತು.

ಮುಂದಿನ ಶನಿವಾರ ಹುಳ ತರಲಿಕ್ಕೆ ಅಂಗಡಿಗೆ ಹೋದ್ವಿ. ಅಲ್ಲೊಂದು ಹಸರು ಮರಗಪ್ಪಿ ಗಾಜಿಗೆ ಅಂಟಿ ಕೂತಿತ್ತು. ಅಮೆರಿಕನ್ ಗ್ರೀನ್ ಟ್ರೀ ಫ್ರಾಗ್ ಅಂತ. ಎಳೀ ಮೆಣಸಿನಕಾಯಿ ಬಣ್ಣ, ಮಗ್ಗಲಿಗೆ ಬೆಳ್ಳನ ಒಂದು ಗೆರಿ, ಬೆರಳ ತುದಿಗೆ ಗುಂಡಗ ಗುಂಡಗ ಅಂಟು. ಚೆಂದ ಅಂದ್ರ ಅಷ್ಟು ಚೆಂದ. ಹುಡುಗ ಅಲ್ಲೇ ಹೆಸರಿಟ್ಟ, ಮಿರ್ಚಿ. ಇಡ್ಲಿ, ವಡಾ, ಚಟ್ನಿ ಆದ ಮ್ಯಾಲೆ ಮಿರ್ಚಿ ಇಲ್ದಿದ್ರ ಹ್ಯಾಂಗ? ಮಗಳು ಅನುಮಾನ ಮಾಡಿದ್ಲು. "ನಮ್ಮಲ್ಲಿ ಬೆಂಕಿಹೊಟ್ಟಿ ಕಪ್ಪಿ ಅವ, ಇದನ್ನ ಅವುಗಳ ಜೋಡಿ ಇಡಬಹುದಾ?" ಅಂತ ಕೇಳಿದ್ಲು. ಕೌಂಟರಿನ ಹುಡುಗ ಕಂಪ್ಯೂಟರಿನಿಂದ ತಲಿ ಎತ್ತದೇ, ಏನೂ ಆಗೂದಿಲ್ಲ, ನಾಲ್ಕು ದಿನದಾಗ ಒಂದಕ್ಕೊಂದು ಹೊಂದಿಕೋತಾವ ಅಂತ ಹೇಳಿದ. ಮಗಳು ಇನ್ನೂ ಹಿಂದ ಮುಂದ ನೋಡ್ತಿದ್ಲು. ನಾನೇ, "ಕೂಸು ಇಷ್ಟು ಆಸೆ ಪಡ್ಲಿಕ್ಕತ್ತದ, ತಗೋ" ಅಂದೆ. ಮೊಮ್ಮಕ್ಕಳ ವಿಷಯದಾಗ ಅಜ್ಜಿಯರ ಮಾತಿಗೆ ಎಷ್ಟು ತೂಕ ಇರ್ತದ ಅಂತ ನಿಮಗೆಲ್ಲಾ ಗೊತ್ತದ. ತಗೊಂಡ್ವಿ.

ಮೊದಲನೇ ದಿನ ಮಿರ್ಚಿ ಟ್ಯಾಂಕಿನ ಮ್ಯಾಲಿನ ಮೂಲಿಗೆ ಹತ್ತಿ ಅಂಟಿಕೊಂಡು ಕೂತಿತು. ಎರಡನೇ ದಿನವೂ ಅಲ್ಲೇ. ಮರದ ಮ್ಯಾಲೆ ಇರೋ ಪ್ರಾಣಿ, ನಮ್ಮ ಟ್ಯಾಂಕಿನ್ಯಾಗ ಮರ ಎಲ್ಲಿ? ಎತ್ತರ ಅಂದ್ರ ಒಂದೇ ಫೂಟು. ನಮ್ಮ ಮೂವರು ಹಗಲು ಓಡ್ಯಾಡೋ ಪೈಕಿ, ಅದು ರಾತ್ರಿ ಏಳೋದು. ಅದು ಮಲಗೋ ಹೊತ್ತಿನ್ಯಾಗ ಇವು ಹುಳದ ಬೆನ್ನ ಹತ್ತಿ ಧಪಧಪ ಜಿಗೀತಾವ, ಅದು ಎಚ್ಚರಾಗೋ ಹೊತ್ತಿಗೆ ಒಂದು ಹುಳ ಉಳಿದಿರೂದಿಲ್ಲ. ಮೂರನೇ ದಿನ ರಾತ್ರಿ ನಾನು ನೀರು ಕುಡಿಲಿಕ್ಕೆ ಎದ್ದಾಗ ನೋಡಿದೆ, ಅದು ಕೆಳಗ ಇಳದು ನೀರಾಗ ಕೂತಿತ್ತು. ಬಾಯಾರಿಕಿ ಆಗಿರಬೇಕು. "ಹಾಂ, ಹೊಂದಿಕೊಳ್ಳಿಕ್ಕತ್ತದ" ಅಂತ ನನಗ ಸಮಾಧಾನ ಆತು. ಆ ಸಮಾಧಾನ ನೆನಸಿಕೊಂಡ್ರ ಈಗಲೂ ಸಂಕಟ ಆಗ್ತದ.

ನಾಲ್ಕನೇ ದಿನ ಹಸರು ಬಣ್ಣ ಕಂದು ಹೊಡೀತು. ಐದನೇ ದಿನ ಗಾಜಿಗೆ ಅಂಟೋ ಶಕ್ತಿ ಹೋತು, ಹತ್ತತಿತ್ತು, ಜಾರತಿತ್ತು. ಮಗಳು ಆಫೀಸಿಗೆ ರಜಾ ಹಾಕಿ ಬ್ಯಾರೆ ಡಬ್ಬಿಗೆ ತೆಗೆದಿಟ್ಲು, ಹಾವು-ಕಪ್ಪಿ ನೋಡೋ ಡಾಕ್ಟರಿಗೆ ಫೋನ್ ಮಾಡಿ ಮರುದಿನದ ಟೈಮ್ ತಗೊಂಡ್ಲು. ಮರುದಿನ ಮುಂಜಾನೆ ಹುಡುಗ ನಮ್ಮೆಲ್ಲರಕಿಂತ ಮೊದಲು ಎದ್ದು ಹೋಗಿ ನೋಡಿದ್ದ. ಅಡಗಿಮನಿ ಬಾಗಲದಾಗ ಬಂದು ನಿಂತು ಒಂದೇ ಮಾತು ಕೇಳಿದ. ಅಮ್ಮನ್ನಲ್ಲ, ನನ್ನ. "ಅಜ್ಜಿ, ಹಾವು ಕಪ್ಪಿಗೆ ನೆರಳು ಹಿಡದಿತ್ತಲ್ಲ?"

ಏನು ಹೇಳಲಿ? ಕೈಯಾಗಿನ ಸೌಟು ಕೆಳಗಿಟ್ಟೆ ಅಷ್ಟ.

ಡಾಕ್ಟರು ಮಗಳಿಗೆ ಫೋನಿನ್ಯಾಗೇ ತಿಳಿಸಿ ಹೇಳಿದ್ರು. ಕೊಯ್ದು ನೋಡದ ಇಂಥಾದ್ದೇ ಕಾರಣ ಅಂತ ಹೇಳಲಿಕ್ಕೆ ಬರಂಗಿಲ್ಲ, ಆದ್ರ ಆ ಎರಡು ಜಾತಿ ಕೂಡಿಸಿದ ಮನಿಗಳಿಂದ ಇಂಥಾ ಫೋನು ತಮಗ ಹೊಸದಲ್ಲ ಅಂದ್ರಂತ. ಬೆಂಕಿಹೊಟ್ಟಿ ಕಪ್ಪಿ ಹೆದರಿದಾಗ, ಗಾಬರಿಯಾದಾಗ ಚರ್ಮದಿಂದ ಹಾಲಿನಂಥಾ ವಿಷ ಬಿಡ್ತದ. ಮನಷ್ಯಾರಿಗೆ ಅದರಿಂದ ಕಣ್ಣುರಿ, ಸೀನು ಬಂದೀತು, ಅಷ್ಟ. ತಮ್ಮ ಜಾತಿಯವಕ್ಕ ಅದು ಅಂಗೈ ನೀರಿನಂಗ, ಏನೂ ಮಾಡೂದಿಲ್ಲ. ಆದ್ರ ಅದೇ ನೀರಾಗ ಬ್ಯಾರೆ ಕಪ್ಪಿ ಬಂದು ಕೂತ್ರ? ನಾನು ಮೊದಲೇ ಹೇಳಿದೆನಲ್ಲ, ಕಪ್ಪಿ ಚರ್ಮದಿಂದ ಕುಡೀತದ ಅಂತ. ಬಾಯಾರಿಕಿ ಆಗಿ ಇಳದು ಬಂದದ್ದನ್ನ ನಾನು ಹೊಂದಾಣಿಕಿ ಅಂತ ತಿಳಕೊಂಡಿದ್ದೆ. ಈ ಕುಲದ ಕಪ್ಪಿಯ ಚರ್ಮದ ರಸದಾಗ ಎಂಥೆಂಥಾ ವಸ್ತು ಅದಾವಂದ್ರ, ಯುರೋಪಿನ ಬೆಂಕಿಹೊಟ್ಟಿ ಕಪ್ಪಿಯಿಂದ ವಿಜ್ಞಾನಿಗಳು ಬಾಂಬೆಸಿನ್ ಅನ್ನೋ ಒಂದು ವಸ್ತು ತೆಗೆದು ಅದಕ್ಕ ಆ ಕಪ್ಪಿಯ ಶಾಸ್ತ್ರೀಯ ಹೆಸರೇ ಇಟ್ಟಾರ. ಬಾಂಬಿನಾ ಅಂತ ಅದರ ಕುಲದ ಹೆಸರು.

ವೈನಿ, ನೀವು ಕೇಳಿದ ಪ್ರಶ್ನಿಗೆ ಈಗ ಉತ್ತರ. ಜೊತಿಗಾರ ಯಾರು ಅಂದ್ರ, ಅದೇ ಜಾತಿ, ಅದೇ ಅಳತಿಯ ಇನ್ನೊಂದು ಕಪ್ಪಿ. ಅದರ ಹೊರಗ ಯಾರೂ ಅಲ್ಲ. ಅದೂ ತಂದ ಕೂಡ್ಲೆ ಒಳಗ ಬಿಡೂದಲ್ಲ, ಕಡಿಮಿ ಅಂದ್ರ ಒಂದು ತಿಂಗಳು ಬ್ಯಾರೆ ಡಬ್ಬ್ಯಾಗ ಇಟ್ಟು, ತಿಂತದೋ ಇಲ್ಲೋ, ಚರ್ಮ ಹ್ಯಾಂಗದ ನೋಡಿ ಆಮೇಲೆ. ಅಳತಿ ಯಾಕ ಅಂದ್ರ, ಬಾಯಾಗ ಹಿಡಿಸೋದನ್ನೆಲ್ಲಾ ಇವು ಊಟ ಅಂತನ ತಿಳೀತಾವ.

ಮೀನು ಇಡಬಹುದಲ್ಲ, ನೀರು ಇದ್ದೇ ಅದ, ಅಂತ ಅಳಿಯಂದ್ರೂ ಒಮ್ಮೆ ಅಂದಿದ್ರು. ಸಣ್ಣ ಮೀನು ಇವು ತಿಂತಾವ, ದೊಡ್ಡ ಮೀನು ಇವುಗಳ ಕಾಲು ಕಚ್ತಾವ, ಎರಡೂ ಇಲ್ದಿದ್ರ ಮೂರಿಂಚು ನೀರಾಗ ಮೀನು ಬದುಕೋದು ಹ್ಯಾಂಗ? ಅಂಗಡಿಯವರು ಭಾಳ ಸಲ ನ್ಯೂಟ್ ಅಂತ ಬಾಲ ಇರೋ ಒಂದು ಪ್ರಾಣಿ ತೋರಸ್ತಾರ, ಅದರ ಹೊಟ್ಟಿಯೂ ಕೆಂಪು, ಜೋಡಿ ಮಾಡಿಧಂಗ ಕಾಣಸ್ತದ. ಸೀರಿ-ಕುಬಸ ಹೊಂದಿಸಿಧಂಗ ಬಣ್ಣ ಹೊಂದಿತು ಅಂತ ಪ್ರಾಣಿ ತರಲಿಕ್ಕೆ ಆಗ್ತದೇನ್ರೀ? ಅದರ ಮೈಯಾಗ ಅದರದೇ ಬ್ಯಾರೆ ವಿಷ, ಅದಕ್ಕ ಇನ್ನೂ ಥಂಡಿ ನೀರು ಬೇಕು. ಅಷ್ಟ ಅಲ್ಲ, ಆ ಪೈಕಿ ಪ್ರಾಣಿಗಳಿಗೆ ಬರೋ ಒಂದು ಚರ್ಮದ ಬೂಸ್ಟಿನ ರೋಗಕ್ಕ ಹೆದರಿ ಅಮೆರಿಕಾ ಸರಕಾರ 2016ರ ಜನವರಿಯಾಗ ಅಂಥಾ 201 ಜಾತಿಗಳನ್ನ ಹೊರದೇಶದಿಂದ ತರಿಸೋದನ್ನೇ ನಿಲ್ಲಿಸೇದ. ಹಲ್ಲಿ, ಆಮಿ ಅಂತೀರಾ? ಅವಕ್ಕ ಬಿಸಿ ಒಣಾ ಜಾಗ ಬೇಕು, ಇವಕ್ಕ ಹಸಿ ಥಂಡಿ. ಒಂದೇ ಖೋಲ್ಯಾಗ ಒಬ್ಬರಿಗೆ ಫ್ಯಾನು, ಒಬ್ಬರಿಗೆ ಕಂಬಳಿ.

ಕಪ್ಪಿಗಳಿಗೂ ಇಂಥಾದ್ದೇ ಬೂಸ್ಟಿನ ರೋಗ ಅದ, ಕೈಟ್ರಿಡ್ ಅಂತಾರ. ಜಗತ್ತಿನ ತುಂಬ ಎಷ್ಟೋ ಕಪ್ಪಿ ಜಾತಿಗಳನ್ನ ಅದು ನಾಶ ಮಾಡೇದ. 2018ರಾಗ ಸೈನ್ಸ್ ಪತ್ರಿಕೆಯೊಳಗ ಬಂದ ಒಂದು ಸಂಶೋಧನದಾಗ ಆ ರೋಗದ ಮೂಲ ಪೂರ್ವ ಏಷ್ಯಾ ಅಂತ ತೋರಿಸ್ಯಾರ, ಕೊರಿಯಾದ ಕಡೆ ಅದರ ಹಳೇ ಬೇರು ಸಿಕ್ಕಾವ. ಸಾಕೋದಕ್ಕ ಅಂತ ಕಪ್ಪಿ ಒಂದು ದೇಶದಿಂದ ಇನ್ನೊಂದು ದೇಶಕ್ಕ ಹೋಗೋದು ಅದು ಹಬ್ಬಲಿಕ್ಕೆ ಒಂದು ದಾರಿ ಆತಂತ. ಅಲ್ಲಿನ ಕಪ್ಪಿಗಳಿಗೆ ಅದು ನೆಗಡಿ ಇದ್ದಂಗ ರೂಢಿ ಆಗಿರಬಹುದು, ಬ್ಯಾರೆ ಖಂಡದ ಕಪ್ಪಿಗೆ ಅದೇ ಮರಣ. ಎರಡು ಖಂಡದ ಕಪ್ಪಿಗಳನ್ನ ಒಂದು ಟ್ಯಾಂಕಿನ್ಯಾಗ ಹಾಕಿದ ಮ್ಯಾಲೆ ಈ ಮಾತು ಕೇಳಿ ನಾನು ತಲಿ ಹಿಡಕೊಂಡು ಕೂತೆ. ಇದಕ್ಕಂತನ ಸಾಕಿದ್ದು ಸಾಕಾತು ಅಂತ ಒಯ್ದು ಮನಿ ಹಿಂದಿನ ಕೆರಿಗೆ ಬಿಡೋದೂ ತಪ್ಪು. ಬಿಡೋವ್ರಿಗೆ ಅದು ಪುಣ್ಯದ ಕೆಲಸ ಅನ್ನಿಸ್ತದ, ಆದ್ರ ಆ ಕೆರ್ಯಾಗಿನ ಕಪ್ಪಿಗಳು ಏನು ಪಾಪ ಮಾಡ್ಯಾವ?

ನನ್ನ ತಂಗಿ ಫೋನಿನ್ಯಾಗ ಇದನ್ನೆಲ್ಲಾ ಕೇಳಿ, "ಅಲ್ಲ ಅಕ್ಕಾ, ಯೂಟ್ಯೂಬಿನ್ಯಾಗ ಒಬ್ಬಾಂವ ನಾಲ್ಕು ಥರದ್ದು ಕೂಡಿಸಿ ಇಟ್ಟಾನ, ಎಲ್ಲಾ ಆರಾಮ ಅದಾವ" ಅಂದ್ಲು. ಇದ್ದೀತು. ಕೋಣೆಯಷ್ಟು ದೊಡ್ಡ ಟ್ಯಾಂಕು ಕಟ್ಟಿಸಿ, ದಿನಾ ನೀರು ಪರೀಕ್ಷಾ ಮಾಡಿ, ವರ್ಷಗಟ್ಟಲೆ ಅದೇ ಕೆಲಸ ಮಾಡೋವ್ರು ಇರ್ತಾರ. ಆದ್ರ ವಿಡಿಯೋ ಹತ್ತು ನಿಮಿಷದ್ದು. ಮಿರ್ಚಿ ಬಂದ ದಿನ ನಾವೂ ಒಂದು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ್ವಿ, ನೀವೆಲ್ಲಾ ನೋಡಿ "ಭಾಳ ಛಲೋ ಕಾಣಸ್ತದ" ಅಂದಿದ್ರಿ. ಆರನೇ ದಿನದ್ದು ಯಾರಿಗೂ ಕಳಿಸಲಿಲ್ಲ.

ಆ ಹೊಂದಿಕೋತಾವ ಅನ್ನೋ ಶಬ್ದ ಇನ್ನೂ ನನ್ನ ಕಿವ್ಯಾಗ ಕೂತದ. ಮದಿವಿ ಆಗಿ ಬಂದ ಹೊಸದಾಗ ನನ್ನ ಬಗ್ಗೆಯೂ ಪಡಸಾಲ್ಯಾಗ ಕೂತು ಹಿಂಗೇ ಅಂದಿದ್ರು. ನಾನು ಹೊಂದಿಕೊಂಡೆ, ಖರೆ. ನನಗ ಬಾಯಿ ಇತ್ತು, ತೌರಮನಿ ಇತ್ತು, ಹಿತ್ತಲದಾಗ ಹೋಗಿ ಅಳಲಿಕ್ಕೆ ಜಾಗ ಇತ್ತು. ಮಿರ್ಚಿಗೆ ಮ್ಯಾಲಿನ ಮೂಲಿ ಒಂದೇ ಇತ್ತು. ಮೂಲ್ಯಾಗ ಸುಮ್ಮನ ಕೂತದ್ದನ್ನ ನೋಡಿ ಆರಾಮ ಅದ ಅಂತ ತಿಳಕೊಳ್ಳೋದು ಭಾಳ ಸಲೀಸು. ಅದನ್ನ ನಾನಾದ್ರೂ ಗುರ್ತು ಹಿಡೀಬೇಕಾಗಿತ್ತು.

ಇನ್ನೊಂದು ಮಾತು ಹೇಳೇಬಿಡ್ತೀನಿ, ಇದು ನಿಮ್ಮ ಸೊಸಿ ಪರವಾಗಿ. ಈ ಕಪ್ಪಿಗಳು ಛಲೋ ನೋಡಿಕೊಂಡ್ರ ಹತ್ತು-ಹದಿನೈದು ವರ್ಷ ಬದುಕ್ತಾವ. ನಿಮ್ಮ ಮೊಮ್ಮಗಳು ಕಾಲೇಜಿಗೆ ಬ್ಯಾರೆ ಊರಿಗೆ ಹೋದಾಗ ಶನಿವಾರ ಶನಿವಾರ ನೀರು ಬದಲಿ ಮಾಡೋವ್ರು ಯಾರು? ನಮ್ಮ ಮಗಳ ಮನ್ಯಾಗ ಹೆಸರಿಟ್ಟಾಂವ ಮೊಮ್ಮಗ, ದುಡ್ಡು ಕೊಟ್ಟವರು ಅಳಿಯಂದ್ರು, ಫಿಲ್ಟರ್ ತೊಳಿಯೋದು ಮಗಳು. ನಾನು ಇದ್ದ ಐದು ತಿಂಗಳು ನಾನು. ಬರೇ ಒಂದು ಜಾತಿದೇ ಇಷ್ಟು ಕೆಲಸ ಇರ್ತದ, ಅದರಾಗ ನಾಲ್ಕು ಥರದ್ದು ಕೂಡಿಸಿದ್ರ ಒಂದಕ್ಕ ಒಂದು ಊಟ, ಒಂದಕ್ಕ ಒಂದು ದೀಪ, ಸೊಸಿಗೆ ನೌಕರಿ ಬಿಟ್ಟು ಅದನ್ನೇ ಮಾಡಬೇಕಾಗ್ತದ. ಟ್ಯಾಂಕು ತರೋ ದಿನವೇ ಯಾರ ಕೆಲಸ ಯಾವುದು ಅಂತ ಬರದು ಫ್ರಿಜ್ಜಿಗೆ ಅಂಟಿಸಲಿ. ಹುಡುಗಿ ಒಂಬತ್ತು ವರ್ಷದಾಕಿ, ಹುಳಕ್ಕ ಪುಡಿ ಹಚ್ಚಲಿಕ್ಕೆ ಆಕಿಗೆ ಬರ್ತದ. ಕಪ್ಪಿ ಮುಟ್ಟೋ ಮೊದಲೂ, ಮುಟ್ಟಿದ ಮ್ಯಾಲೂ ಕೈ ತೊಳೀಬೇಕು, ಮೊದಲು ಅವುಗಳ ಸಲುವಾಗಿ, ಆಮೇಲೆ ನಮ್ಮ ಸಲುವಾಗಿ. ಹೊಟ್ಟಿ ಕೆಡಿಸೋ ಸಾಲ್ಮೊನೆಲ್ಲಾ ಕ್ರಿಮಿ ಇರ್ತದ. ಟ್ಯಾಂಕಿನ ಸಾಮಾನು ಅಡಗಿಮನಿ ಸಿಂಕಿನ್ಯಾಗ ತೊಳಿಯಬಾರದು. ಇದೊಂದು ಮಾತು ನಾನು ಹೋದ ದಿನವೇ ಹೇಳಿದ್ದೆ, ಮಡಿ ಕಾರಣಕ್ಕ. ಮಗಳು ನಕ್ಕಿದ್ಲು. ಆಮೇಲೆ ಡಾಕ್ಟರೂ ಅದನ್ನೇ ಹೇಳಿದಾಗ ನಾನು ನಕ್ಕೆ.

ಇಲ್ಲೇ ಇರೋ ಮಕ್ಕಳು ಇದನ್ನ ಕೇಳಿ ನಮ್ಮ ಬಚ್ಚಲದ ಕಪ್ಪಿ ಹಿಡದು ಡಬ್ಬ್ಯಾಗ ಹಾಕಲಿಕ್ಕೆ ಹೋಗ್ತಾವ, ಅದನ್ನ ಬಿಡಬ್ಯಾಡ್ರಿ. ಅವಕ್ಕ ಹಿತ್ತಲ ಅದ, ಮಳಿ ಅದ, ದೀಪದ ಬುಡಕ ಬೀಳೋ ಹುಳ ಅದಾವ. ಕಲ್ಲು ಸರಿಸಿ ನೋಡಿ, ಕಲ್ಲು ಮತ್ತ ಅಲ್ಲೇ ಇಟ್ಟು ಬಂದ್ರ ಸಾಕು.

ಮಿರ್ಚಿಯನ್ನ ಹಿತ್ತಲದಾಗ ಮ್ಯಾಪಲ್ ಗಿಡದ ಬುಡಕ ಆಳದಾಗ ಮಣ್ಣು ಮಾಡಿದ್ವಿ. ಟ್ಯಾಂಕಿನ ನೀರೆಲ್ಲಾ ತೆಗೆದು, ಪಾಚಿ, ನಾರು ಚೀಲ ಕಟ್ಟಿ ಒಗೆದು, ಕಲ್ಲು ಕುದಿಸಿ ಹೊಸದಾಗಿ ಹೂಡಿದ್ವಿ. ಒಂದು ತಿಂಗಳು ದಿನಾ ಮೂವರ ಹೊಟ್ಟಿ, ಕಾಲು, ಚರ್ಮ ನೋಡೋದೇ ಕೆಲಸ ಆಗಿತ್ತು. ಅವಕ್ಕ ಏನೂ ಆಗಲಿಲ್ಲ. ಹುಡುಗ ಒಂದು ವಾರ ಟ್ಯಾಂಕಿನ ಹತ್ರ ಬರಲಿಲ್ಲ. ಆಮೇಲೆ ಒಂದು ದಿನ ತಾನೇ ಬಂದು ಹುಳದ ಡಬ್ಬಿ ಅಲುಗಾಡಿಸಿದ. ಆದ್ರ ನನ್ನ ಕಡೆ ಮತ್ತ ಆ ಕಥಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನೆ ರಾತ್ರಿ ವಿಡಿಯೋ ಕಾಲ್ ಮಾಡಿದ್ದ. ಫೋನ್ ಗಾಜಿಗೆ ಹಚ್ಚಿ ಹಿಡದ. ಇಡ್ಲಿ ಗಂಡು, ನೀರಾಗ ಕೂತು ಊಪ್, ಊಪ್ ಅಂತ ಸಣ್ಣ ನಾಯಿಮರಿಯಂಗ ಕೂಗಲಿಕ್ಕತ್ತಿತ್ತು. "ಅಜ್ಜಿ, ಮುಂದಿನ ಸಲ ನೀ ಬಂದಾಗ ಬ್ಯಾರೆ ಟ್ಯಾಂಕು ಮಾಡೋಣ, ಎತ್ತರದ್ದು, ಒಳಗ ಗಿಡ ಇರೋದು. ಅದರಾಗ ಬರೇ ಮರಗಪ್ಪಿ" ಅಂದ. ಫಿಲ್ಟರ್ ತೊಳಿಯಾಕಿನ್ನ ಕೇಳು ಅಂದೆ. ಹಿಂದಿನಿಂದ ಮಗಳ ದನಿ ಬಂತು, "ಸದ್ಯಕ್ಕ ಇಲ್ಲ!" ಅಂತ.

ವೈನಿ, ಸಂಜೀಕ ಮಗನಿಗೆ ಫೋನ್ ಹಚ್ಚಿದಾಗ ಎರಡು ಮಾತು ಕೇಳ್ರಿ. ಟ್ಯಾಂಕಿಗೆ ಮುಚ್ಚಳ ಅದನೋ ಇಲ್ಲೋ, ಮತ್ತ ನೀರಿಗೆ ಹಾಕೋ ಆ ಹನಿ ತಂದಾನೋ ಇಲ್ಲೋ. ತಂದಿಲ್ಲ ಅಂದ್ರ ಕಪ್ಪಿ ತರಲಿಕ್ಕೆ ಇನ್ನೊಂದು ವಾರ ತಡೀಲಿ.